ಹುಣಸೆ ಬೀಜದ ನೌಕಾಪಡೆ: ಎಲ್ಫ್‌ಗಳ ಹಡಗುಗಳನ್ನು ನಿಮ್ಮ ಆಟಕ್ಕೆ ತರುವ ಬಗೆ

ಇದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಕಥೆ ಕಟ್ಟುವ ಆಟಕ್ಕೆ. ಮೊದಲು ಒಂದು ಹಿಡಿ ಹುಣಸೆ ಬೀಜ ತಗೊಳ್ಳಿ. 15 ಸಾಕು. ಚೌಕಾಬಾರಕ್ಕೆ ಬೀಜದ ಒಂದು ಮಗ್ಗುಲನ್ನು ಒರಟು ಕಲ್ಲಿಗೆ ತಿಕ್ಕಿ ಬಿಳಿ ಮಾಡುತ್ತೇವಲ್ಲ, ಹಾಗೆ ಈಗಲೇ ತಿಕ್ಕಬೇಡಿ. ಅದಕ್ಕೆ ಆಮೇಲೆ ಕೆಲಸ ಇದೆ. ಒಂದೊಂದು ಬೀಜವೂ ಎಲ್ಫ್‌ಗಳ, ಅಂದರೆ ಕಥೆಗಳಲ್ಲಿ ಬರುವ ಚೂಪು ಕಿವಿಯ ದೀರ್ಘಾಯುಷಿ ಜನರ, ಒಂದೊಂದು ಯುದ್ಧದ ಹಡಗು. ದೊಡ್ಡ ಬೀಜ ಎರಡು ಬೇರೆ ತೆಗೆದಿಡಿ, ಅವು ಅರ್ಮಡಾ ಅನ್ನುವ ದೊಡ್ಡ ಹಡಗು. ಉಳಿದವು ಮ್ಯಾನ್-ಓ-ವಾರ್ ಅನ್ನುವ, ಅದಕ್ಕಿಂತ ಚಿಕ್ಕ ಹಡಗು. ಫ್ಲಿಟರ್ ಅನ್ನುವ ಪುಟ್ಟ ಹಡಗುಗಳಿಗೆ ನಾಲ್ಕು ಮಂಡಕ್ಕಿ ಕಾಳು ಸಾಕು.

ನಾನು ಗಂಗಾವತಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದೇನೆ. ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿದ ಮೇಲೆ ಮಾಳಿಗೆಯಲ್ಲಿ ಆಟ ಶುರು. ಅಕ್ಕನ ಮಗಳು, ತಂಗಿಯ ಮಗ, ಪಕ್ಕದ ಮೊಬೈಲ್ ರಿಪೇರಿ ಹುಡುಗ, ಕಾರಟಗಿಯಿಂದ ಬೈಕಿನಲ್ಲಿ ಬರುವ ಒಬ್ಬ ಮೇಷ್ಟ್ರು. ನಡುವೆ ಒಗ್ಗರಣೆ-ಮಿರ್ಚಿ ತಟ್ಟೆ. ಈ ಆಟದಲ್ಲಿ ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಆಡುತ್ತಾರೆ; ನಮ್ಮಲ್ಲಿ ನಡೆಸುವವನು ನಾನು. ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅದರಲ್ಲೂ ಸ್ಪೆಲ್‌ಜಾಮರ್ ಲೋಕ. 1989ರಲ್ಲಿ ಜೆಫ್ ಗ್ರಬ್ ರೂಪಿಸಿದ್ದು. ಮಂತ್ರ ಬಲ್ಲವರು ಒಬ್ಬರು ಚುಕ್ಕಾಣಿ ಕುರ್ಚಿಯಲ್ಲಿ ಕೂತರೆ ಹಡಗು ಆಕಾಶ ದಾಟಿ ಹೊರಡುತ್ತದೆ. ದಿನಕ್ಕೆ 10 ಕೋಟಿ ಮೈಲಿ, ಅಂದರೆ ಸುಮಾರು 16 ಕೋಟಿ ಕಿಲೋಮೀಟರ್. ನಮ್ಮ ಭೂಮಿಯಿಂದ ಸೂರ್ಯನಿಗೆ 15 ಕೋಟಿ ಕಿಲೋಮೀಟರ್. ಇವತ್ತು ಬೆಳಿಗ್ಗೆ ಹೊರಟರೆ ನಾಳೆ ಬೆಳಗಾಗುವ ಹೊತ್ತಿಗೆ ಸೂರ್ಯನ ಹತ್ತಿರ ಇರುತ್ತೀರಿ.

ಈ ಲೋಕದ ದೊಡ್ಡ ಶಕ್ತಿ ಎಲ್ಫ್‌ಗಳ ನೌಕಾಪಡೆ. ಆರ್ಕ್, ಗಾಬ್ಲಿನ್ ಅನ್ನುವ ರಾಕ್ಷಸ ಜಾತಿಗಳ ಮೇಲೆ ದೊಡ್ಡ ಯುದ್ಧ ಮಾಡಿ ಗೆದ್ದವರು ಇವರು. ನಾನು ಮೊದಲ ಸಲ ಈ ಪಡೆಯನ್ನು ಆಟಕ್ಕೆ ತಂದಾಗ 15 ಹಡಗನ್ನೂ ಒಟ್ಟಿಗೆ ತಂದು ನಿಲ್ಲಿಸಿದೆ. ಆಟಗಾರರ ಕೈಯಲ್ಲಿ ಇದ್ದದ್ದು ಒಂದು ಹಳೇ ಸರಕು ಹಡಗು. ಅವರು ಶರಣಾದರು. ಬೇರೆ ಏನು ಮಾಡಲು ಸಾಧ್ಯವಿತ್ತು? ತಂಗಿಯ ಮಗ ನೋಟ್‌ಬುಕ್ ಮುಚ್ಚಿ, "ಮಾಮಾ, ಇದರಲ್ಲಿ ನಾವು ಮಾಡೋದೇನೈತಿ?" ಅಂದ. ಅವನ ಮಾತು ನಿಜ. ಆ ರಾತ್ರಿ ಕೂತು ಯೋಚಿಸಿದೆ. ಬಲವನ್ನು ತೋರಿಸುವುದು ಸುಲಭ. ಆದರೆ ಈ ಪಡೆ ಏನನ್ನು ಕಳೆದುಕೊಳ್ಳಲು ಹೆದರುತ್ತದೆ ಅನ್ನುವುದು ಗೊತ್ತಿಲ್ಲದೆ ಅದನ್ನು ಆಡಿಸಲು ಆಗುವುದಿಲ್ಲ.

ಉತ್ತರ ನನ್ನ ಅಂಗಡಿಯಲ್ಲೇ ಇತ್ತು. ಎಲ್ಫ್‌ಗಳ ಹಡಗು ಬಡಗಿ ಕಟ್ಟಿದ್ದಲ್ಲ, ಗಿಡದ ಹಾಗೆ ಬೆಳೆಸಿದ್ದು. ಚಿಟ್ಟೆಯ ರೆಕ್ಕೆಯಂಥ ದೊಡ್ಡ ರೆಕ್ಕೆಗಳು. ಬೆಳೆಸಿದ್ದು ಅಂದ ಮೇಲೆ ಅದಕ್ಕೆ ಕಾಲ ಬೇಕು, ಅಲ್ವಾ? ನಮ್ಮ ಸೋನಾ ಮಸೂರಿ ಭತ್ತಕ್ಕೇ ನಾಲ್ಕೂವರೆ ತಿಂಗಳು ಬೇಕು. ಕುಷ್ಟಗಿ ಕಡೆಯ ರೈತ ದಾಳಿಂಬೆ ಸಸಿ ನೆಟ್ಟರೆ ಫಸಲಿಗೆ ಎರಡು-ಮೂರು ವರ್ಷ ಕಾಯುತ್ತಾನೆ. ಹಾಗಾದರೆ ಒಂದು ಯುದ್ಧದ ಹಡಗು? ನಮ್ಮ ಆಟದಲ್ಲಿ ನಾನು 40 ವರ್ಷ ಅಂತ ಇಟ್ಟೆ. ನೀವು ಬೇರೆ ಲೆಕ್ಕ ಇಡಬಹುದು, ಆದರೆ ಆಟಗಾರರ ಆಯಸ್ಸಿನಲ್ಲಿ ಒಂದು ಬಾರಿ ಮಾತ್ರ ಬೆಳೆಯುವಷ್ಟು ಉದ್ದ ಇರಲಿ. ಒಂದು ಬೀಜ ಮೇಜಿನಿಂದ ಹೋದರೆ ಆ ಕಥೆಯಲ್ಲಿ ಅದು ವಾಪಸ್ ಬರಬಾರದು. ಈ ಒಂದು ನಿಯಮ ಇಟ್ಟ ದಿನದಿಂದ ಆ ಪಡೆಯ ಮುಖ್ಯಸ್ಥೆಯಾಗಿ ನಾನು ಆಡಿಸುವ ಅಡ್ಮಿರಲ್ ಸುಮ್ನೆ ಗುಂಡು ಹಾರಿಸುವುದನ್ನು ಬಿಟ್ಟಳು. ಮಾತಾಡಲು ಶುರು ಮಾಡಿದಳು.

ಅವಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಈ ಆಟದಲ್ಲಿ ಎಲ್ಫ್‌ಗಳು 750 ವರ್ಷ ಬದುಕುತ್ತಾರೆ. ಕಾಗದದಲ್ಲಿ ಓದಿದರೆ ಅದು ಬರೀ ಸಂಖ್ಯೆ. ಅದನ್ನು ಮೈಗೆ ತಂದುಕೊಳ್ಳಲು ನಾನು ಒಂದು ಸಂಜೆ ಆನೆಗೊಂದಿಗೆ ಹೋಗಿ ಹೊಳೆ ದಂಡೆಯಲ್ಲಿ ಕೂತೆ. ಎದುರು ದಡದಲ್ಲಿ ಹಂಪಿ. ನನ್ನ ಅಡ್ಮಿರಲ್‌ಗೆ ಈಗ 690 ವರ್ಷ ಅಂದುಕೊಳ್ಳಿ. ವಿಜಯನಗರ ಹುಟ್ಟಿದ್ದು 1336ರಲ್ಲಿ, ಆಗ ಅವಳು ತೊಟ್ಟಿಲಲ್ಲಿದ್ದಳು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದಾಗ ಅವಳು ಹರೆಯದ ಅಧಿಕಾರಿ. 1565ರಲ್ಲಿ ರಾಜಧಾನಿ ಹಾಳಾದಾಗ ಅವಳಿಗೆ ಇನ್ನೂ ಆಯಸ್ಸಿನ ಮೂರನೇ ಒಂದು ಭಾಗವೂ ಮುಗಿದಿರಲಿಲ್ಲ. ನಮಗೆ ಕಲ್ಲಿನ ಮಂಟಪವಾಗಿ ಉಳಿದದ್ದು ಅವಳಿಗೆ ಕಣ್ಣಾರೆ ಕಂಡ ಸಂತೆ. ನಿಮ್ಮೂರಿನ ಕೋಟೆಯೋ ಗುಡಿಯೋ ಯಾವುದಾದರೂ ಒಂದನ್ನು ಹಿಡಿದು ಹೀಗೆ ಲೆಕ್ಕ ಹಾಕಿ. ಬಳ್ಳಾರಿಯವರಾದರೆ ಗುಡ್ಡದ ಮೇಲಿನ ಕೋಟೆ ಇದೆ. ಆಮೇಲೆ ಅವಳ ಮಾತು ತಾನಾಗಿ ಬರುತ್ತದೆ.

ಹೇಗೆ ಬರುತ್ತದೆ ಅಂದರೆ, ಅವಳು ಬೆದರಿಸುವುದಿಲ್ಲ. ನಮ್ಮ ಆಟದಲ್ಲಿ ಮೇಷ್ಟ್ರ ಪಾತ್ರ ಹಡಗಿನ ಕ್ಯಾಪ್ಟನ್. ಎದೆ ಉಬ್ಬಿಸಿ ದಾರಿ ಬಿಡಿ ಅಂದರು. ಅಡ್ಮಿರಲ್ ಹೇಳಿದ್ದು ಇಷ್ಟೇ: "ತಮ್ಮಾ, ನಿಮ್ಮ ಮುತ್ತಜ್ಜನೂ ಇದೇ ಜಾಗದಲ್ಲಿ ನಿಂತು ಇದನ್ನೇ ಕೇಳಿದ್ದ. ಅವನಿಗೆ ಕೊಟ್ಟ ಮಾತು ನನಗೆ ನೆನಪಿದೆ. ನಿಮಗೆ ನೆನಪಿದೆಯೇ?" ಮಾಳಿಗೆ ಪೂರ್ತಿ ತಣ್ಣಗಾಯಿತು. ಅಂಥ ಹಳೇ ಮಾತು ಒಂದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಅದನ್ನು ಮುರಿದವರು ಮನುಷ್ಯರಾಗಿರಲಿ, ಆದರೆ ಮುರಿದದ್ದಕ್ಕೆ ಒಂದು ಕಾರಣವೂ ಇರಲಿ.

ತಡೆಯುವ ರೀತಿಯಲ್ಲೂ ಗುಂಡು ಬೇಕಿಲ್ಲ. 2022ರಲ್ಲಿ ಬಂದ ಹೊಸ ಆವೃತ್ತಿಯ ಒಂದು ನಿಯಮ ನನಗೆ ತುಂಬ ಇಷ್ಟ. ಒಂದು ಟನ್‌ಗಿಂತ ಭಾರದ ವಸ್ತು ಒಂದು ಮೈಲಿ ಹತ್ತಿರ ಬಂದರೆ ಸಾಕು, ಹಡಗಿನ ಆ ಮಹಾವೇಗ ತಾನಾಗಿ ಬಿದ್ದುಹೋಗುತ್ತದೆ. ಅಂದರೆ ದಾರಿಗೆ ಅಡ್ಡ ಬಂದು ನಿಂತರೇ ತಡೆದಂತೆ. ಒಂದು ಬೀಜವನ್ನು ಆಟಗಾರರ ಹಡಗಿನ ಮುಂದೆ ಮೆಲ್ಲಗೆ ಸರಿಸಿ. ಏನೂ ಹೇಳಬೇಡಿ. ಅವರು ಬೇರೆ ಕಡೆ ತಿರುಗಿಸಿದರೆ ಅಲ್ಲಿಗೂ ಒಂದು ಸರಿಸಿ. ಎಲ್ಫ್‌ಗಳು ನಿದ್ದೆ ಮಾಡುವುದಿಲ್ಲ, 4 ತಾಸಿನ ಧ್ಯಾನ ಸಾಕು ಅವರಿಗೆ. ರಾತ್ರಿ ಕಣ್ಣು ತಪ್ಪಿಸಿ ಹೋಗುತ್ತೇವೆ ಅಂದುಕೊಂಡವರಿಗೆ ಇದನ್ನು ನೆನಪಿಸಿ.

ಇನ್ನು ಗಾಳಿ. ಪ್ರತಿ ಹಡಗೂ ತನ್ನ ಸುತ್ತ ಗಾಳಿಯ ಗುಳ್ಳೆಯೊಂದನ್ನು ಹೊತ್ತು ಹೋಗುತ್ತದೆ. ಹೊಸ ಆವೃತ್ತಿಯಲ್ಲಿ 120 ದಿನ ಅದು ಶುದ್ಧ, ಮುಂದಿನ 120 ದಿನ ಕೆಟ್ಟದ್ದು, ಆಮೇಲೆ ಸಾವು. ನಮ್ಮಲ್ಲಿ ಒಂದು ಮನೆ ನಿಯಮ ಇದೆ: ಎಲ್ಫ್ ಹಡಗು ಪಕ್ಕಕ್ಕೆ ಬಂದರೆ ಗಾಳಿ ಬೆರೆಯುತ್ತದೆ, ಅದರಲ್ಲಿ ಹಸಿ ಎಲೆಯ ವಾಸನೆ ಇರುತ್ತದೆ. ತಿಂಗಳುಗಟ್ಟಲೆ ಮುಗ್ಗಲು ಗಾಳಿ ಕುಡಿದ ಆಟಗಾರರಿಗೆ ಶತ್ರುವಿನ ಗಾಳಿಯೇ ಹಿತ ಅನ್ನಿಸಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪಡೆಗೆ ಒಂದು ಗುಟ್ಟಿನ ನೋವು ಕೊಡಿ. ನಾನು ಕೊಟ್ಟದ್ದು ರೋಗ. ಕೊಪ್ಪಳ ಜಿಲ್ಲೆಯಲ್ಲಿ ದಾಳಿಂಬೆ ಬೆಳೆದವರಿಗೆ ದುಂಡಾಣು ಅಂಗಮಾರಿ ಅಂದರೆ ಏನು ಅಂತ ಹೇಳಬೇಕಿಲ್ಲ. ಎಲೆಯ ಮೇಲೆ ಸಣ್ಣ ನೀರು ತಾಗಿದಂಥ ಚುಕ್ಕೆ. ಆಮೇಲೆ ಕಂದು, ಕಪ್ಪು. ಹಣ್ಣು ಬಿರಿಯುತ್ತದೆ. ಎಷ್ಟೋ ತೋಟ ಬುಡಸಮೇತ ಕಿತ್ತದ್ದನ್ನು ನೋಡಿದ್ದೇನೆ. ರೋಗ ಬಂದ ಟೊಂಗೆ ಕತ್ತರಿಸಿ ತೋಟದಿಂದ ಹೊರಗೆ ಒಯ್ದು ಸುಡಬೇಕು, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ತೊಳೆಯಬೇಕು, ಬೋರ್ಡೋ ದ್ರಾವಣ ಹೊಡೆಯಬೇಕು. ಅಂಗಡಿಗೆ ಬರುವ ರೈತ ಒಂದು ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದು ಕೌಂಟರ್ ಮೇಲೆ ಇಡುತ್ತಾನಲ್ಲ, ಆ ಮುಖ ನನಗೆ ಗೊತ್ತು. ಅದೇ ಮುಖವನ್ನು ನನ್ನ ಅಡ್ಮಿರಲ್‌ಗೆ ಕೊಟ್ಟೆ. ಅವಳ ಅರ್ಮಡಾದ ಎಡ ರೆಕ್ಕೆಗೆ ಚುಕ್ಕೆ ಬಿದ್ದಿದೆ.

ಈ ರೋಗವನ್ನು 1989ರ ಹಳೇ ಲೋಕದಲ್ಲಿ ಇಟ್ಟರೆ ಇನ್ನೊಂದು ತೊಡಕು ಸಿಗುತ್ತದೆ. ಅಲ್ಲಿ ಒಂದೊಂದು ಸೂರ್ಯಮಂಡಲವೂ ಒಂದು ದೊಡ್ಡ ಸ್ಫಟಿಕ ಗೋಳದ ಒಳಗಿದೆ. ಗೋಳ-ಗೋಳಗಳ ನಡುವೆ ಫ್ಲಾಜಿಸ್ಟನ್ ಅನ್ನುವ ಬಣ್ಣಬಣ್ಣದ ಹರಿವು. ಅಲ್ಲಿ ಒಂದು ಕಿಡಿ ಹೊತ್ತಿದರೂ ಸ್ಫೋಟ. ಹೊಸ ಆವೃತ್ತಿಯಲ್ಲಿ ಇದನ್ನು ತೆಗೆದು ಆಸ್ಟ್ರಲ್ ಸಮುದ್ರ ಇಟ್ಟಿದ್ದಾರೆ, ಆದರೆ ಈ ಕಥೆಗೆ ಹಳೆಯದೇ ಬೇಕು. ಯಾಕಂದರೆ ಕತ್ತರಿಸಿದ ರೆಕ್ಕೆಯನ್ನು ಸುಡಲು ಅರ್ಮಡಾ ಯಾವುದಾದರೂ ಗೋಳದ ಒಳಗೆ ಬರಲೇಬೇಕು. ಎಲ್ಲರ ಕಣ್ಣಿಗೂ ಬೀಳುವ ಜಾಗಕ್ಕೆ. ಆರ್ಕ್‌ಗಳ ಗೂಢಚಾರರೂ ಅಲ್ಲಿರುತ್ತಾರೆ. ಅದಕ್ಕೇ ಅವಳು ದಾರಿಗಳನ್ನೆಲ್ಲ ಮುಚ್ಚಿದ್ದು. ಆಟಗಾರರಿಗೆ ಕಂಡದ್ದು ದರ್ಪ. ಒಳಗಿದ್ದದ್ದು ಇದು.

ಈ ಗುಟ್ಟನ್ನು ಬಾಯಿಬಿಟ್ಟು ಹೇಳಬೇಡಿ. ನಾನು ಮಾಡಿದ್ದು, ಆಟ ಶುರುವಾಗುವ ಮುಂಚೆ ಒಂದು ದೊಡ್ಡ ಬೀಜದ ಒಂದು ಮಗ್ಗುಲನ್ನು ಮೆಟ್ಟಿಲ ಕಲ್ಲಿಗೆ ತಿಕ್ಕಿ ಬಿಳಿ ಮಾಡಿ, ಆ ಮಗ್ಗುಲು ಕೆಳಗೆ ಬರುವಂತೆ ಇಟ್ಟದ್ದು. ಮೂರು ಭಾನುವಾರ ಅದು ಹಾಗೇ ಇತ್ತು. ನಾಲ್ಕನೆಯ ವಾರ ಆ ಬೀಜ ಸರಿಸುವಾಗ ನಾನು ಬೇಕೆಂದೇ ಸ್ವಲ್ಪ ಓರೆ ಮಾಡಿದೆ. ಅಕ್ಕನ ಮಗಳು ಕೈ ಚಾಚಿ ಬೀಜವನ್ನು ಮಗುಚಿದಳು. ಬಿಳಿ ಮಗ್ಗುಲು ನೋಡಿ ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ತನ್ನ ಪಾತ್ರದ ದನಿಯಲ್ಲಿ, "ಅಮ್ಮಾ, ನಿಮ್ಮ ಹಡಗಿಗೆ ಹುಷಾರಿಲ್ಲವಾ?" ಅಂದಳು. ಅವಳ ಪಾತ್ರ ವೈದ್ಯೆ. ಮೇಷ್ಟ್ರು ಆಗಲೇ ಆರ್ಕ್‌ಗಳಿಗೆ ಸುದ್ದಿ ಮಾರಿದರೆ ಎಷ್ಟು ಹಣ ಬರುತ್ತದೆ ಅಂತ ಲೆಕ್ಕ ಹಾಕುತ್ತಿದ್ದರು. ಇಬ್ಬರಿಗೂ ಅವತ್ತು ಒಂದೂವರೆ ತಾಸು ವಾದ ನಡೆಯಿತು. ಡೈಸ್ ಯಾರೂ ಮುಟ್ಟಲಿಲ್ಲ. ಮಿರ್ಚಿ ಆರಿಹೋಗಿತ್ತು.

ಅಂಥ ಹೊತ್ತಿನಲ್ಲಿ ನೀವು ನಡುವೆ ಹೋಗಬೇಡಿ. ಯಾವುದು ಸರಿ ಅಂತ ಸುಳಿವೂ ಕೊಡಬೇಡಿ. ಮೊಬೈಲ್ ಹುಡುಗ ಕೇಳಿದ ಪ್ರಶ್ನೆ ನನಗೆ ಈಗಲೂ ಮನಸ್ಸಿನಲ್ಲಿದೆ: ಎಲ್ಫ್‌ಗಳು ಹಿಂದಿನ ಯುದ್ಧಕ್ಕೆ ಬಯೊನಾಯ್ಡ್ ಅನ್ನುವ ಜೀವಗಳನ್ನು ಆಯುಧವಾಗಿ ಸೃಷ್ಟಿಸಿ ಆಮೇಲೆ ದೂರ ಇಟ್ಟರಲ್ಲ, ಅಂಥವರಿಗೆ ನಾವು ಯಾಕೆ ಕೈ ಕೊಡಬೇಕು? ಇದು ಆ ಲೋಕದ ಚರಿತ್ರೆಯಲ್ಲೇ ಇರುವ ಸಂಗತಿ. ಆಗುವುದಾದರೆ ಒಬ್ಬ ಬಯೊನಾಯ್ಡ್‌ನನ್ನು ಆಟಗಾರರ ಹಡಗಿನಲ್ಲೇ ಕೆಲಸಕ್ಕೆ ಇಡಿ. ರೆಕ್ಕೆ ಕತ್ತರಿಸಲು ಕೈ ಸಾಲದೆ ಅಡ್ಮಿರಲ್ ಅವನನ್ನೇ ಕೇಳಬೇಕಾಗಿ ಬರಲಿ.

ನಮ್ಮಲ್ಲಿ ಹಾಗೇ ಬಂತು. ಅವನು ಒಪ್ಪಿದ, ಆದರೆ ಅಡ್ಮಿರಲ್ ಮೊದಲು ತನ್ನ ಹೆಸರು ಕೇಳಬೇಕು ಅಂದ. ರೆಕ್ಕೆ ಕತ್ತರಿಸಲು ನಾಲ್ಕು ಸರದಿ ಹಿಡಿಯಿತು. ಒಂದೊಂದು ಸರದಿಗೂ ಕತ್ತಿ ತೊಳೆಯುವುದನ್ನು ಅಕ್ಕನ ಮಗಳು ಮರೆಯಲಿಲ್ಲ, ಅಂಗಡಿಯಲ್ಲಿ ಕೇಳಿ ಕಲಿತದ್ದು. ಅಷ್ಟರಲ್ಲಿ ಆರ್ಕ್‌ಗಳು ಬಂದರು. ಎರಡು ಮ್ಯಾನ್-ಓ-ವಾರ್ ಹೋದವು. ಆ ಎರಡು ಬೀಜಗಳನ್ನು ನಾನು ಡಬ್ಬಿಗೆ ಹಾಕಲಿಲ್ಲ, ಮಾಳಿಗೆಯ ಗೋಡೆ ಮೇಲೆ ಇಟ್ಟೆ. ಈಗ ಮೇಜಿನ ಮೇಲೆ 13 ಇವೆ. ಬಿಳಿ ಮಗ್ಗುಲಿನದು ಈಗ ಮೇಲ್ಮುಖವಾಗಿ ಕೂತಿದೆ. ತಂಗಿಯ ಮಗ ಪ್ರತಿ ವಾರ ಬಂದ ಕೂಡಲೇ ಮೊದಲು ಬೀಜ ಎಣಿಸುತ್ತಾನೆ, ಆಮೇಲೆ ನೋಟ್‌ಬುಕ್ ತೆಗೆಯುತ್ತಾನೆ.