ವಾಹನದ ವೈರಿಂಗಿಗೆ ಕ್ರಿಂಪ್ ಟರ್ಮಿನಲ್ ಆರಿಸುವುದನ್ನು ನಾನು ಕಲಿತ ಬಗೆ

ನನ್ನ ಕಾರಿನ ಎಡಬದಿಯ ಹೆಡ್‌ಲೈಟ್ ಬಲಬದಿಯದಕ್ಕಿಂತ ಮಂಕಾಗಿ ಉರಿಯುತ್ತಿದೆ ಎಂದು ತಿಳಿದಾಗ ನಾನು ಮೊದಲು ಬದಲಿಸಿದ್ದು ಬಲ್ಬನ್ನು. ಹೊಸ ಬಲ್ಬೂ ಹಾಗೆಯೇ ಉರಿದ ಮೇಲೆ ಮಲ್ಟಿಮೀಟರ್ ಹಿಡಿದು ಕುಳಿತೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ 13.8 ವೋಲ್ಟ್ ಇತ್ತು. ಬಲ್ಬಿನ ಹೋಲ್ಡರಿನಲ್ಲಿ 12.3 ಮಾತ್ರ. ನಡುವೆ ಕಳೆದುಹೋದ ಒಂದೂವರೆ ವೋಲ್ಟಿನಲ್ಲಿ 1.1 ವೋಲ್ಟ್ ಒಂದೇ ಜಾಗದಲ್ಲಿ ಬೀಳುತ್ತಿತ್ತು. ಅದು ಎರಡು ವರ್ಷಗಳ ಹಿಂದೆ ರಿಲೇ ಸ್ವಿಚ್ ಅಳವಡಿಸುವಾಗ ನಾನೇ ಹಾಕಿದ್ದ ನೀಲಿ ಬಣ್ಣದ ಬಟ್ ಕನೆಕ್ಟರ್, ಅಂದರೆ ಎರಡು ತಂತಿಗಳ ತುದಿಗಳನ್ನು ಲೋಹದ ಕೊಳವೆಯೊಳಗಿಟ್ಟು ಇಕ್ಕಳದಿಂದ ಒತ್ತಿ ಕೂಡಿಸುವ ಕ್ರಿಂಪ್ ಟರ್ಮಿನಲ್. ಸುಮಾರು 5 ಆಂಪಿಯರ್ ಹರಿಯುವ ತಂತಿಯಲ್ಲಿ 1.1 ವೋಲ್ಟ್ ಬೀಳುತ್ತದೆ ಎಂದರೆ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಆ ಜೋಡಣೆಯೊಳಗೆ ಐದು ವಾಟ್‌ಗಿಂತ ಹೆಚ್ಚು ಶಕ್ತಿ ಬರೀ ಶಾಖವಾಗಿ ಹೋಗುತ್ತಿದೆ ಎಂದೇ ಅರ್ಥ. ಹ್ಯಾಲೊಜೆನ್ ಬಲ್ಬಿಗೆ ಸಿಗುವ ವೋಲ್ಟೇಜ್ ಶೇ. 10ರಷ್ಟು ಕುಸಿದರೆ ಬೆಳಕು ಶೇ. 30ರಷ್ಟು ಕುಗ್ಗುತ್ತದೆ, ಆದ್ದರಿಂದ ಕಣ್ಣಿಗೇ ವ್ಯತ್ಯಾಸ ಕಂಡಿತ್ತು.

ಆ ಕನೆಕ್ಟರನ್ನು ಕತ್ತರಿಸಿ ತೆಗೆದು, ಕಂದು ಬಣ್ಣಕ್ಕೆ ತಿರುಗಿದ್ದ ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಬ್ಲೇಡಿನಿಂದ ಸೀಳಿದೆ. ಒಳಗಿನ ಲೋಹದ ಕೊಳವೆಯ ಸಂದು, ಬಲಿತ ಅವರೆಕಾಯಿ ಬಾಯಿಬಿಟ್ಟಂತೆ, ಉದ್ದಕ್ಕೂ ತೆರೆದುಕೊಂಡಿತ್ತು. ತಂತಿಯ ಎಳೆಗಳಲ್ಲಿ ಕೆಲವು ಕಪ್ಪಗೆ, ಕೆಲವು ಹಸಿರು ಕಿಲುಬು ಹಿಡಿದು, ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿ ಬಿದ್ದಿದ್ದವು. ಕೊಳವೆಯ ಬಳಿ ಅಯಸ್ಕಾಂತ ತಂದಾಗ ಅದು ಪಟ್ಟನೆ ಅಂಟಿಕೊಂಡಿತು. ತಾಮ್ರವೆಂದು ನಾನು ನಂಬಿದ್ದದ್ದು ತೆಳುವಾದ ಲೇಪ ಹೊದ್ದ ಕಬ್ಬಿಣದ ತಗಡಾಗಿತ್ತು.

ಕ್ರಿಂಪ್ ಎಂದರೆ ತಂತಿಯನ್ನು ಕೇವಲ ಬಿಗಿಯಾಗಿ ಹಿಡಿಯುವುದು ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಸರಿಯಾದ ಒತ್ತಡ ಬಿದ್ದಾಗ ತಂತಿಯ ಎಳೆಗಳೂ ಕೊಳವೆಯ ಒಳಮೈಯೂ ಆಕಾರ ಕಳೆದುಕೊಂಡು ಒಂದರೊಳಗೊಂದು ಒತ್ತಿಕೊಳ್ಳುತ್ತವೆ. ಮೇಲ್ಮೈಯ ಆಕ್ಸೈಡ್ ಪದರ ಒಡೆದು ಶುದ್ಧ ಲೋಹ ಶುದ್ಧ ಲೋಹವನ್ನು ಮುಟ್ಟುತ್ತದೆ. ನಡುವೆ ಗಾಳಿ ನುಸುಳಲು ಜಾಗವೇ ಉಳಿಯುವುದಿಲ್ಲ. ಈ ಸ್ಥಿತಿ ಎಂಜಿನ್ನಿನ ಬಿಸಿ, ರಾತ್ರಿಯ ತಂಪು, ರಸ್ತೆಯ ನಡುಕ, ಮಳೆಯ ನೀರು ಇವೆಲ್ಲವನ್ನೂ ತಾಳಿಕೊಂಡು ಉಳಿಯಬೇಕಾದರೆ ಕೊಳವೆಯ ಲೋಹ ಒತ್ತಿದ ಆಕಾರದಲ್ಲೇ ನಿಲ್ಲುವಷ್ಟು ಮೃದುವೂ, ಹಿಡಿತ ಸಡಿಲಿಸದಷ್ಟು ದಪ್ಪವೂ ಆಗಿರಬೇಕು. ಹೊರಗಿನ ಬಣ್ಣದ ಪ್ಲಾಸ್ಟಿಕ್ ಈ ಕೆಲಸದಲ್ಲಿ ಯಾವ ಪಾತ್ರವನ್ನೂ ವಹಿಸುವುದಿಲ್ಲ. ಆದರೆ ಕೊಳ್ಳುವಾಗ ನಮ್ಮ ಕಣ್ಣಿಗೆ ಬೀಳುವುದು ಅದೊಂದೇ.

ಆದ್ದರಿಂದ ಈಗ ನಾನು ಮೊದಲು ನೋಡುವುದು ಕೊಳವೆಯ ಬಾಯನ್ನು. ಟಾರ್ಚ್ ಹಿಡಿದು ಒಳಗೆ ನೋಡಿದರೆ ಮೂರು ಬಗೆಗಳು ಕಾಣುತ್ತವೆ. ತಗಡನ್ನು ಸುರುಳಿ ಸುತ್ತಿ ಅಂಚಿಗೆ ಅಂಚು ತಾಗಿಸಿ ಬಿಟ್ಟದ್ದು ಒಂದು. ಆ ಅಂಚುಗಳನ್ನು ಹಿತ್ತಾಳೆ ಅಥವಾ ಬೆಳ್ಳಿಯ ಬೆಸುಗೆಯಿಂದ ಕೂಡಿಸಿದ್ದು ಇನ್ನೊಂದು. ಸಂದೇ ಇಲ್ಲದ ಕೊಳವೆಯಿಂದ ಮಾಡಿದ್ದು ಮೂರನೆಯದು. ಮೊದಲನೆಯದನ್ನು ದಪ್ಪ ತಾಮ್ರದಲ್ಲಿ ಚೆನ್ನಾಗಿ ತಯಾರಿಸಿದ್ದರೆ, ಮತ್ತು ಒತ್ತುವ ಇಕ್ಕಳದ ಮೊನೆ ಸಂದಿನ ಎದುರುಬದಿಗೆ ಬೀಳುವಂತೆ ಹಿಡಿದರೆ, ಅದೂ ಕೆಲಸಕ್ಕೆ ಬರುತ್ತದೆ. ಆದರೂ ಹೆಡ್‌ಲೈಟ್, ರೇಡಿಯೇಟರ್ ಫ್ಯಾನ್, ಫ್ಯೂಯೆಲ್ ಪಂಪ್‌ನಂತಹ ಹೆಚ್ಚು ಕರೆಂಟ್ ಎಳೆಯುವ ಕಡೆಗೆ ನಾನು ಬೆಸೆದ ಸಂದಿನ ಅಥವಾ ಸಂದಿಲ್ಲದ ಟರ್ಮಿನಲ್‌ಗಳನ್ನೇ ಬಳಸುತ್ತೇನೆ.

ಎರಡನೆಯದು ಲೋಹದ ಪರೀಕ್ಷೆ. ಅಯಸ್ಕಾಂತ ಅಂಟಿದರೆ ಆ ಪೊಟ್ಟಣವನ್ನು ನಾನು ಮುಟ್ಟುವುದಿಲ್ಲ. ತೀರ ಹೆಚ್ಚು ಶಾಖದ ಜಾಗಗಳಿಗೆಂದೇ ನಿಕ್ಕಲ್ ಲೇಪಿಸಿದ ಉಕ್ಕಿನ ಟರ್ಮಿನಲ್‌ಗಳು ಇವೆ. ಆದರೆ ಅವು ಸಾಮಾನ್ಯ ವಾಹನದ ವೈರಿಂಗಿಗೆ ಬೇಕಾದವಲ್ಲ. ಅಂಟದಿದ್ದರೆ ಅರದಿಂದ ಒಂದು ಮೂಲೆಯನ್ನು ಉಜ್ಜಿ ನೋಡುತ್ತೇನೆ. ಕಲಾಯಿಯ ಕೆಳಗೆ ಕೆಂಪು ಕಂಡರೆ ತಾಮ್ರ, ಹಳದಿ ಕಂಡರೆ ಹಿತ್ತಾಳೆ. ಬೋಲ್ಟಿಗೆ ಸಿಕ್ಕಿಸುವ ಉಂಗುರದಂತಹ ರಿಂಗ್ ಟರ್ಮಿನಲ್‌ಗೂ ಬಟ್ ಕನೆಕ್ಟರಿಗೂ ಕಲಾಯಿ ಹಾಕಿದ ತಾಮ್ರವೇ ಉತ್ತಮ. 6.3 ಮಿಲಿಮೀಟರ್ ಅಗಲದ ಚಪ್ಪಟೆ ಲೋಹದ ನಾಲಿಗೆಯ (ಬ್ಲೇಡಿನ) ಮೇಲೆ ಕೂರುವ ಹೆಣ್ಣು ಟರ್ಮಿನಲ್‌ನ ವಿಷಯ ಬೇರೆ. ಅದಕ್ಕೆ ಸ್ಪ್ರಿಂಗಿನಂತಹ ಬಿಗುವು ಬೇಕಾದ್ದರಿಂದ ಹಿತ್ತಾಳೆ ಅಥವಾ ಫಾಸ್ಫರ್ ಬ್ರಾಂಜ್ ಸರಿಯಾದ ಆಯ್ಕೆ. ಐದಾರು ಸಲ ಹಾಕಿ ತೆಗೆದ ಮೇಲೂ ಅದನ್ನು ಎಳೆಯಲು ಬಲ ಬೇಕಾಗಬೇಕು. ಸಲೀಸಾಗಿ ಜಾರಿ ಬಂದರೆ ಅದು ಮುಂದೆ ಬಿಸಿಯಾಗುವ ಟರ್ಮಿನಲ್.

ಹೊದಿಕೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕಡಿಮೆ ದರ್ಜೆಯ ಪಿವಿಸಿ ಒತ್ತಿದಾಗಲೇ ಬಿರಿಯುತ್ತದೆ. ನೈಲಾನ್ ಬಿರಿಯುವುದು ಕಡಿಮೆ, ಅರೆಪಾರದರ್ಶಕವಾಗಿರುವುದರಿಂದ ಒಳಗೆ ತಂತಿ ಎಲ್ಲಿಯವರೆಗೆ ಹೋಗಿದೆ ಎಂಬುದೂ ಕಾಣುತ್ತದೆ. ಬಾನೆಟ್ಟಿನೊಳಗೆ ಮತ್ತು ವಾಹನದ ಅಡಿಭಾಗದಲ್ಲಿ ಮಾತ್ರ, ಒಳಗೆ ಅಂಟು ಸವರಿರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಬಗೆಯನ್ನು ಬಿಟ್ಟು ಬೇರೆ ಯಾವುದನ್ನೂ ನಾನು ಹಾಕುವುದಿಲ್ಲ. ಬಿಸಿಗಾಳಿ ಹಿಡಿದಾಗ ಎರಡೂ ತುದಿಗಳಲ್ಲಿ ಅಂಟು ಸಣ್ಣ ಬಳೆಯಂತೆ ಉಕ್ಕಿ ಬಂದರೆ ಮಾತ್ರ ನೀರು ಒಳಗೆ ಹೋಗುವುದಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ನನ್ನ ಹೆಡ್‌ಲೈಟಿನ ತೊಂದರೆಗೆ ಕಬ್ಬಿಣವೊಂದೇ ಕಾರಣವಾಗಿರಲಿಲ್ಲ. ಕೆಂಪು ಟರ್ಮಿನಲ್ ಸುಮಾರು 0.5ರಿಂದ 1.5 ಚದರ ಮಿಲಿಮೀಟರ್ ತಂತಿಗೆ, ನೀಲಿ 1.5ರಿಂದ 2.5ಕ್ಕೆ, ಹಳದಿ 4ರಿಂದ 6ಕ್ಕೆ ಎಂಬುದು ರೂಢಿಯ ಬಣ್ಣಸೂಚಿ. ನಾನು 1 ಚದರ ಮಿಲಿಮೀಟರ್ ತಂತಿಯನ್ನು ನೀಲಿಗೆ ಸೇರಿಸಿ, ಸಡಿಲವೆನಿಸಿದ್ದರಿಂದ ಎಳೆಗಳನ್ನು ಮಡಚಿ ತುರುಕಿದ್ದೆ. ಮಡಚಿದ ಎಳೆಗಳು ಕೊಳವೆಯನ್ನು ಸಮನಾಗಿ ತುಂಬುವುದಿಲ್ಲ. ಒಂದು ಬದಿ ಜಜ್ಜಿಹೋಗುತ್ತದೆ, ಇನ್ನೊಂದು ಬದಿ ಟೊಳ್ಳಾಗಿ ಉಳಿಯುತ್ತದೆ. ಟರ್ಮಿನಲ್, ತಂತಿ, ಇಕ್ಕಳ ಈ ಮೂರನ್ನೂ ಒಟ್ಟಿಗೇ ಆರಿಸಬೇಕು ಎಂಬುದು ಅಂದು ನನಗೆ ಮನದಟ್ಟಾಯಿತು. ಪೂರ್ತಿ ಒತ್ತುವವರೆಗೆ ಬಾಯಿ ತೆರೆಯದ ರ‍್ಯಾಚೆಟ್ ಇಕ್ಕಳವನ್ನು ಕೊಂಡದ್ದು ಅದರ ನಂತರವೇ. ಕೈಯ ಬಲ ದಿನದಿಂದ ದಿನಕ್ಕೆ ಬದಲಾಗುತ್ತದೆ, ರ‍್ಯಾಚೆಟ್ಟಿನ ಅಳತೆ ಬದಲಾಗುವುದಿಲ್ಲ.

ಸಾಧ್ಯವಿರುವ ಕಡೆ ಈಗ ನನ್ನ ಒಲವು, ವಾಹನ ತಯಾರಕರೇ ಬಳಸುವ ತೆರೆದ ಕೊಳವೆಯ ಟರ್ಮಿನಲ್‌ಗಳ ಕಡೆಗೆ. ಅದರಲ್ಲಿ ಎರಡು ಜೊತೆ ರೆಕ್ಕೆಗಳಿರುತ್ತವೆ. ಮುಂದಿನ ಜೊತೆ ಬರಿಯ ಎಳೆಗಳನ್ನು ಹಿಡಿದರೆ ಹಿಂದಿನದು ತಂತಿಯ ಹೊದಿಕೆಯನ್ನು ತಬ್ಬುತ್ತದೆ. ಹೀಗಾಗಿ ನಡುಕದ ಹೊಡೆತ ಎಳೆಗಳ ಮೇಲೆ ನೇರವಾಗಿ ಬೀಳುವುದಿಲ್ಲ. ಮೇಲಾಗಿ, ಒತ್ತಿದ್ದು ಸರಿಯಾಗಿದೆಯೇ ಎಂಬುದು ಬರಿಗಣ್ಣಿಗೆ ಕಾಣುತ್ತದೆ: ರೆಕ್ಕೆಗಳ ತುದಿಗಳು ಒಳಕ್ಕೆ ಮಡಿಚಿ ಎಳೆಗಳ ನಡುವೆ ಇಳಿದಿರಬೇಕು, ಎಳೆಗಳ ತುದಿ ಮುಂದೆ ಕೂದಲೆಳೆಯಷ್ಟು ಹೊರಚಾಚಿರಬೇಕು, ಹಿಂಬದಿಯ ಅಂಚು ತಂತಿಯನ್ನು ಕೊಯ್ಯದಂತೆ ಕಹಳೆಯ ಬಾಯಿಯ ಹಾಗೆ ಸ್ವಲ್ಪ ಅರಳಿರಬೇಕು.

ಒತ್ತುವ ಮೊದಲು ಎಳೆಗಳಿಗೆ ಬೆಸುಗೆ ತೊಡೆದರೆ ಇನ್ನೂ ಗಟ್ಟಿಯಾಗುತ್ತದೆ ಎಂಬ ಮಾತನ್ನು ನಾನು ಹಲವರಿಂದ ಕೇಳಿದ್ದೇನೆ, ಒಂದು ಕಾಲದಲ್ಲಿ ಹಾಗೆಯೇ ಮಾಡಿದ್ದೇನೆ. ಬೆಸುಗೆಯ ಲೋಹ ಸತತ ಒತ್ತಡದ ಕೆಳಗೆ ಮೆಲ್ಲಗೆ ಹರಿದು ತೆಳುವಾಗುವುದರಿಂದ ತಿಂಗಳುಗಳ ನಂತರ ಹಿಡಿತವೇ ಸಡಿಲಗೊಳ್ಳುತ್ತದೆ. ಒತ್ತಿದ ಮೇಲೆ ಬೆಸುಗೆ ಹಾಕಿದರೂ ಅದು ಎಳೆಗಳ ಗುಂಟ ಮೇಲೇರಿ ತಂತಿಯನ್ನು ಕಡ್ಡಿಯಂತೆ ಸೆಟೆಸುತ್ತದೆ. ನಡುಕಕ್ಕೆ ತಂತಿ ತುಂಡಾಗುವುದು ಆ ಸೆಟೆದ ಭಾಗ ಮುಗಿಯುವ ಅಂಚಿನಲ್ಲೇ.

ಹೊಸ ಪೊಟ್ಟಣ ಕೈಗೆ ಬಂದಾಗಲೆಲ್ಲ ಅದರಲ್ಲಿ ಮೂರನ್ನು ಪರೀಕ್ಷೆಗೆಂದೇ ಬಲಿಕೊಡುತ್ತೇನೆ. ಒಂದನ್ನು ತಂತಿಗೆ ಒತ್ತಿ ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಎಳೆಯುತ್ತೇನೆ; ಅಮೆರಿಕದ ಸುರಕ್ಷತಾ ಸಂಸ್ಥೆಯ ಯುಎಲ್ 486ಎ ಮಾನದಂಡದಲ್ಲಿ 16 ಗೇಜಿನ (ಸುಮಾರು 1.3 ಚದರ ಮಿಲಿಮೀಟರ್) ತಂತಿಗೆ 30 ಪೌಂಡ್, ಅಂದರೆ ಸುಮಾರು 13.6 ಕಿಲೋಗ್ರಾಂ, 14 ಗೇಜಿಗೆ 50 ಪೌಂಡ್ ಎಂದಿದೆ, ನಾನು ಅದನ್ನೇ ಕನಿಷ್ಠ ಮಿತಿಯಾಗಿ ಇಟ್ಟುಕೊಂಡಿದ್ದೇನೆ. ಇನ್ನೊಂದನ್ನು ಒತ್ತಿದ ಜಾಗದಲ್ಲೇ ಸಣ್ಣ ಗರಗಸದಿಂದ ಅಡ್ಡ ಕೊಯ್ದು, ಅರದಿಂದ ನಯಗೊಳಿಸಿ ಭೂತಗನ್ನಡಿಯಲ್ಲಿ ನೋಡುತ್ತೇನೆ. ದುಂಡಗಿನ ಎಳೆಗಳು ಜೇನುಗೂಡಿನ ಕೋಣೆಗಳಂತೆ ಮೂಲೆಮೂಲೆಯಾಗಿ, ನಡುವೆ ಕಪ್ಪು ಸಂದಿಲ್ಲದೆ ಕೂಡಿಕೊಂಡಿರಬೇಕು. ಮೂರನೆಯದರಲ್ಲಿ 5 ಆಂಪಿಯರ್ ಹರಿಸಿ, ಜೋಡಣೆಯ ಎರಡು ಬದಿಗಳ ನಡುವೆ ಎಷ್ಟು ಮಿಲಿವೋಲ್ಟ್ ಬೀಳುತ್ತದೆ ಎಂದು ಅಳೆದು, ಅಷ್ಟೇ ಉದ್ದದ ಬರಿಯ ತಂತಿಯೊಂದಿಗೆ ಹೋಲಿಸುತ್ತೇನೆ. ಜೋಡಣೆಯ ಅಂಕಿ ತಂತಿಯದಕ್ಕಿಂತ ಹೆಚ್ಚಿದ್ದರೆ, ಎಳೆದಾಗ ಎಷ್ಟೇ ಗಟ್ಟಿಯಾಗಿ ನಿಂತಿದ್ದರೂ, ಆ ಪೊಟ್ಟಣವನ್ನು ಪಕ್ಕಕ್ಕಿಡುತ್ತೇನೆ. ಹೆಡ್‌ಲೈಟಿನ ತಂತಿಗೆ ಈಗ ಹಾಕಿರುವ ಕೆಂಪು ಬಟ್ ಕನೆಕ್ಟರ್ ಈ ಮೂರೂ ಪರೀಕ್ಷೆಗಳಲ್ಲಿ ಗೆದ್ದ ಪೊಟ್ಟಣದ್ದು. ಅದರ ಅಡ್ಡ ಕೊಯ್ದ ತುಂಡನ್ನು ಅದೇ ಡಬ್ಬಿಯಲ್ಲಿ ದಾರ ಕಟ್ಟಿ ಇಟ್ಟಿದ್ದೇನೆ, ಮುಂದಿನ ಪೊಟ್ಟಣ ಬಂದಾಗ ಪಕ್ಕದಲ್ಲಿಟ್ಟು ನೋಡಲು.