ಮೇ ತಿಂಗಳ ತಾರಸಿ: ಕಾಯಿ ಕಚ್ಚುವ ಹೀರೆ, ಹೂ ಉದುರುವ ಟೊಮೆಟೊ

ಏಪ್ರಿಲ್ ಕೊನೆಯಿಂದ ಮುಂಗಾರು ಹಿಡಿಯುವವರೆಗೆ ನನ್ನ ತಾರಸಿಯಲ್ಲಿ ನಂಬಬಹುದಾದದ್ದು ಹೀರೆ, ಬೆಂಡೆ, ಅಲಸಂದೆ. ಈ ಹೊತ್ತಿನಲ್ಲಿ ರೋಗ ಅಂದುಕೊಳ್ಳುವ ಅರ್ಧಕ್ಕರ್ಧ ತೊಂದರೆ ಬಿಸಿಲಿನದು, ನೀರಿನದು. ಔಷಧಿ ಹುಡುಕುವ ಮೊದಲು ಗಿಡ ನೆಟ್ಟ ಬ್ಯಾಗಿನ ಕೆಳಗೆ ಕೈ ಹಾಕಿ ನೋಡಿ. ಕಾದ ಕಾಂಕ್ರೀಟಿನ ಮೇಲೆ ನೇರ ಕೂತ ಬ್ಯಾಗಿನಲ್ಲಿ ಬೇರು ಬೇಯುತ್ತಿರುತ್ತದೆ. ಎರಡು ಇಟ್ಟಿಗೆ ಕೊಟ್ಟು ಎತ್ತಿಡಿ, ಮಣ್ಣಿನ ಮೇಲೆ 2 ಇಂಚು ಒಣ ಎಲೆ ಹೊದಿಸಿ. ನೀರು ಬೆಳಗ್ಗೆ 7ರೊಳಗೆ. ಸಂಜೆ ಹಾಕುವುದಾದರೆ ಪೈಪಿನಲ್ಲಿ ನಿಂತ ಬಿಸಿನೀರು ಪೂರ್ತಿ ಹರಿದುಹೋಗಲಿ.

ಹೀರೆ ಹೂ ಬಿಟ್ಟರೂ ಕಾಯಿ ಕಚ್ಚುತ್ತಿಲ್ಲ ಎನ್ನುವವರು ಸಾಮಾನ್ಯವಾಗಿ ಬೆಳಗ್ಗೆ ಪರಾಗ ಮುಟ್ಟಿಸುತ್ತಿರುತ್ತಾರೆ. ಹಾಗಲ, ಸೌತೆಗೆ ಅದು ಸರಿ. ತುಪ್ಪದ ಹೀರೆಗೂ ಸರಿ. ಗೀರು ಹೀರೆ ಅರಳುವುದು ಸಂಜೆ! ಐದೂವರೆಯಿಂದ ಏಳರೊಳಗೆ, ಗೊಂಚಲಿನಿಂದ ಆಗಷ್ಟೇ ಬಿರಿದ ಗಂಡು ಹೂ ಕಿತ್ತು, ಎಸಳು ಹರಿದು, ಹೆಣ್ಣು ಹೂವಿನ ನಡುವೆ ಮೆತ್ತಗೆ ಸವರುತ್ತೇನೆ. ಹೆಣ್ಣು ಹೂ ಒಂಟಿ, ಅದರ ಬುಡದಲ್ಲೇ ಗೀರಿರುವ ಸಣ್ಣ ಹೀಚು. ಬರೀ ಗಂಡು ಹೂ ಬರುತ್ತಿದ್ದರೆ ಸಾರಜನಕದ ಗೊಬ್ಬರ ನಿಲ್ಲಿಸಿ, ಕಾಯಿರಿ.

ಪರಾಗ ಮುಟ್ಟಿಸಿದ ಮೂರನೇ ದಿನ ಹೀಚಿಗೆ ಕಾಗದದ ಕವರು. ತಡವಾದರೆ ಹಣ್ಣು ನೊಣ ಚುಚ್ಚಿ ಮೊಟ್ಟೆ ಇಡುತ್ತದೆ. ಚುಚ್ಚಿದ ಕಡೆ ಅಂಟು ಒಸರುತ್ತದೆ, ಕಾಯಿ ಅಲ್ಲೇ ಸೊಟ್ಟಗಾಗುತ್ತದೆ. ಅಂಥದ್ದನ್ನು ಕಾಂಪೋಸ್ಟಿಗೆ ಎಸೆಯಬೇಡಿ, ಹುಳು ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಂದು ವಾರ ಬಿಸಿಲಿಗಿಡಿ. ಹಣ್ಣು ನೊಣವನ್ನು ವಾಸನೆಯಿಂದ ಸೆಳೆಯುವ ಕ್ಯೂಲೂರ್ ಬಲೆಗೆ ಬೀಳುವುದು ಗಂಡು ನೊಣ ಮಾತ್ರ, ಹಾಗಾಗಿ ಅದೊಂದನ್ನೇ ನೆಚ್ಚಿ ಕೂರುವಂತಿಲ್ಲ.

ಬೆಂಡೆ ದಿನ ಬಿಟ್ಟು ದಿನ ಕೊಯ್ಯಲೇಬೇಕು. ತುದಿ ಬಗ್ಗಿಸಿದರೆ ಟಕ್ ಎಂದು ಮುರಿಯಬೇಕು, ಬಾಗಿದರೆ ನಾರು ಬಂದಿದೆ. ಬಲಿತ ಒಂದು ಕಾಯಿ ಗಿಡದಲ್ಲಿ ಉಳಿದರೂ ಹೊಸ ಹೂ ಕಡಿಮೆ. ಎಲೆಯ ನರ ಹಳದಿಗೆ ತಿರುಗಿದ ಗಿಡವನ್ನು ಉಳಿಸಲು ಹೋಗಬೇಡಿ. ಅದು ಬಿಳಿ ನೊಣ ಹರಡುವ ವೈರಸ್, ಕಿತ್ತರೆ ಪಕ್ಕದ್ದು ಉಳಿದೀತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಈ ರೋಗವನ್ನು ತಡೆಯಲೆಂದೇ ಬಂದ ತಳಿ.

ಟೊಮೆಟೊ ಹೂ ಹಗಲಿನ ಶಾಖ 35 ಡಿಗ್ರಿ ದಾಟಿದರೆ ಉದುರುತ್ತದೆ. ಗೊಬ್ಬರ ಸುರಿದು ಲಾಭವಿಲ್ಲ, ನೆರಳು ಬಲೆ ಕಟ್ಟಿ. ಕಾಯಿಯ ತಳ ಕಪ್ಪಾಗಿ ಗುಳಿಬಿದ್ದರೆ ಮೊಟ್ಟೆ ಸಿಪ್ಪೆಯ ಪುಡಿ ಹಾಕಿ ಎನ್ನುವವರು ಬಹಳ. ಸಿಪ್ಪೆಯಲ್ಲಿರುವ ಸುಣ್ಣದಂಶ (ಕ್ಯಾಲ್ಸಿಯಂ) ಸಾಮಾನ್ಯವಾಗಿ ಮಣ್ಣಿನಲ್ಲೇ ಇರುತ್ತದೆ. ಒಂದು ದಿನ ಒಣಗಿಸಿ ಮರುದಿನ ನೀರು ತುಂಬಿಸಿದರೆ ಅದು ಕಾಯಿಗೆ ತಲುಪುವುದಿಲ್ಲ, ಅಷ್ಟೇ.

ಎಲೆಯಲ್ಲಿ ಸೂಜಿಮೊನೆ ಚುಕ್ಕೆಗಳಿದ್ದರೆ ಬಿಳಿ ಹಾಳೆಯ ಮೇಲೆ ಕೊಡವಿ. ಚುಕ್ಕಿ ನಡೆದಾಡಿದರೆ ನುಸಿ. ಎಲೆಯಡಿಗೆ ಮೂರು ದಿನಕ್ಕೊಮ್ಮೆ ನೀರು ರಭಸವಾಗಿ ಹೊಡೆಯಿರಿ. ಬೇವಿನೆಣ್ಣೆಯಾದರೆ ಲೀಟರಿಗೆ 5 ಮಿಲಿ, ಜೊತೆಗೆ ಸ್ವಲ್ಪ ಸೋಪು, ಹೊತ್ತು ಮುಳುಗಿದ ಮೇಲೆ ಮಾತ್ರ. ಬಿಸಿಲಿಗೆ ಹೊಡೆದರೆ ಎಲೆ ಸುಡುತ್ತದೆ.

ಸೋತ ಬದನೆ ಗಿಡ ಕೀಳುವುದಿಲ್ಲ. ಮಳೆ ಶುರುವಾಗುತ್ತಿದ್ದಂತೆ ಒಂದಡಿಗೆ ಕತ್ತರಿಸಿ, ಬುಡಕ್ಕೆ ಎರಡು ಹಿಡಿ ಎರೆಗೊಬ್ಬರ ಹಾಕುತ್ತೇನೆ.