ಗ್ಯಾಸ್ ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು

ಹೊಸಪೇಟೆ ರಸ್ತೆಯಲ್ಲಿ ಎಂಬತ್ತರ ವೇಗದಲ್ಲಿ ಓಡುವಾಗ ಚೆನ್ನಾಗಿಯೇ ತಂಪು ಕೊಡುತ್ತಿದ್ದ ನಮ್ಮ ಕಾರಿನ ಏಸಿ, ಬಳ್ಳಾರಿ ಊರೊಳಗೆ ಬಂದು ರೈಲ್ವೆ ಗೇಟಿನಲ್ಲಿ ಐದು ನಿಮಿಷ ನಿಂತರೆ ಸಾಕು, ಬಿಸಿಗಾಳಿ ಊದತೊಡಗುತ್ತಿತ್ತು. ಕಾರಿಗೆ ಒಂಬತ್ತು ವರ್ಷವಾಗಿದೆ. ಹಿಂದಿನ ಬೇಸಿಗೆಯಲ್ಲೂ ತಂಪು ಸಾಲದೆಂದು ಒಂದು ಗ್ಯಾರೇಜಿಗೆ ಒಯ್ದಾಗ, ಅವರು ಹತ್ತೇ ನಿಮಿಷದಲ್ಲಿ ಗ್ಯಾಸ್ ಹಾಕಿ ಕಳುಹಿಸಿದ್ದರು. ಈ ಸಲವೂ ಅದೇ ಮದ್ದು ಎಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಆದರೆ ಫ್ರಿಜ್ ಮತ್ತು ಮನೆ ಏಸಿಗಳ ರಿಪೇರಿಯೇ ನನ್ನ ಕಸುಬಾದ್ದರಿಂದ, ಗ್ಯಾಸಿನ ಒತ್ತಡ ತೋರಿಸುವ ಗೇಜ್ ಹಾಕಿ ನೋಡದೆ ಗ್ಯಾಸ್ ತುಂಬಿಸಲು ನನಗೆ ಮನಸ್ಸಾಗಲಿಲ್ಲ. ಗೇಜ್, ವ್ಯಾಕ್ಯೂಮ್ ಪಂಪ್, ತೂಕದ ಯಂತ್ರ ಎಲ್ಲವೂ ನನ್ನಲ್ಲಿದ್ದವು. ಗೇಜಿನ ಪೈಪನ್ನು ಕಾರಿಗೆ ಜೋಡಿಸುವ ಕಪ್ಲರ್‌ಗಳನ್ನು ಮಾತ್ರ ಕೊಂಡುಕೊಂಡೆ.

ಓಡುವಾಗ ತಂಪು, ನಿಂತಾಗ ಬಿಸಿ ಎಂದರೆ ಮೊದಲ ಅನುಮಾನ, ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್‌ಗೆ ಗಾಳಿ ಸಾಲುತ್ತಿಲ್ಲವೆಂಬುದರ ಮೇಲೆ ಹೋಗಬೇಕು. ಏಸಿ ಹಾಕಿ ಬಾನೆಟ್ ಎತ್ತಿ ನೋಡಿದರೆ ಫ್ಯಾನ್ ಸರಿಯಾಗಿಯೇ ತಿರುಗುತ್ತಿತ್ತು. ಬೆಳಿಗ್ಗೆ ಹತ್ತು ಗಂಟೆಗೆ, ನೆರಳಿನಲ್ಲಿ 34 ಡಿಗ್ರಿ ಇದ್ದಾಗ, ಎಂಜಿನ್ ಆರಿಸಿಯೇ ಗೇಜ್ ಜೋಡಿಸಿದೆ. ಕಡಿಮೆ ಒತ್ತಡದ ಬದಿಯ ನೀಲಿ, ಹೆಚ್ಚು ಒತ್ತಡದ ಬದಿಯ ಕೆಂಪು, ಎರಡೂ ಮುಳ್ಳುಗಳು 110 ಪಿಎಸ್‌ಐ ತೋರಿಸಿದವು. ಇಷ್ಟು ನೋಡಿಯೇ ಗ್ಯಾಸ್ ಸರಿಯಿದೆಯೆಂದು ಹೇಳುವವರಿದ್ದಾರೆ, ಆದರೆ ಇದು ಅಡುಗೆ ಸಿಲಿಂಡರಿನ ಕಥೆಯೇ: ಒಳಗೆ ದ್ರವ ಸ್ವಲ್ಪ ಉಳಿದಿರುವವರೆಗೂ ಒತ್ತಡವು ಉಷ್ಣಾಂಶಕ್ಕೆ ತಕ್ಕಂತಿರುತ್ತದೆಯೇ ಹೊರತು ಎಷ್ಟು ಉಳಿದಿದೆಯೆಂದು ಹೇಳುವುದಿಲ್ಲ. ಸಿಲಿಂಡರನ್ನು ನಾವು ಎತ್ತಿ ನೋಡುವುದು, ತೂಗುವುದು ಅದಕ್ಕಾಗಿಯೇ. ಈ ಕಾರಿನ ಏಸಿಯಲ್ಲಿರುವ ಆರ್-134ಎ ಗ್ಯಾಸ್ 34 ಡಿಗ್ರಿಯಲ್ಲಿ 110ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಇನ್ನೂರು ಗ್ರಾಂ ಇದ್ದರೂ ಐನೂರು ಗ್ರಾಂ ಇದ್ದರೂ.

ಮಧ್ಯಾಹ್ನ 38 ಡಿಗ್ರಿ ಬಿಸಿಲಿನಲ್ಲಿ ಎಂಜಿನ್ ಚಾಲೂ ಮಾಡಿ, ಬ್ಲೋವರನ್ನು ಪೂರ್ತಿ ಏರಿಸಿ, ಬಾಗಿಲುಗಳನ್ನು ತೆರೆದಿಟ್ಟು ಮತ್ತೆ ನೋಡಿದೆ. ನೀಲಿ ಮುಳ್ಳು 62ರಲ್ಲಿತ್ತು, ಕೆಂಪು ಮುಳ್ಳು 340ಕ್ಕೆ ಏರಿತ್ತು. ಅಷ್ಟು ಸೆಖೆಯಲ್ಲಿ 40 ಮತ್ತು 230 ಇದ್ದರೆ ನಾನು ತೃಪ್ತನಾಗುತ್ತಿದ್ದೆ. ಗ್ಯಾಸ್ ಕಡಿಮೆಯಾಗಿದ್ದರೆ ಎರಡೂ ಕೆಳಗಿರಬೇಕಿತ್ತು. ಇಲ್ಲಿ ಎರಡೂ ಮೇಲಿದ್ದವು. ನೀಲಿ ಬದಿಯಲ್ಲಿ 62 ಎಂದರೆ ಕೂಲಿಂಗ್ ಕಾಯಿಲ್‌ನೊಳಗೆ ಗ್ಯಾಸ್ ಕುದಿಯುತ್ತಿರುವುದೇ ಸುಮಾರು 17 ಡಿಗ್ರಿಯಲ್ಲಿ. ಅದರ ಮೇಲೆ ಹಾದು ಬರುವ ಗಾಳಿ ಅದಕ್ಕಿಂತ ತಣ್ಣಗಾಗುವುದು ಸಾಧ್ಯವೇ ಇಲ್ಲ.

ಅನುಮಾನಕ್ಕೆ ಮೂರು ಕಾರಣಗಳು ಉಳಿದವು: ಕಂಡೆನ್ಸರ್ ಕಟ್ಟಿಕೊಂಡಿರಬೇಕು, ಗ್ಯಾಸ್ ಅತಿಯಾಗಿರಬೇಕು, ಇಲ್ಲವೇ ಗ್ಯಾಸಿನೊಂದಿಗೆ ಗಾಳಿ ಸೇರಿರಬೇಕು. ಎಂಜಿನ್ ಓಡುತ್ತಿರುವಾಗಲೇ ಒಂದು ಬಕೆಟ್ ನೀರನ್ನು ಕಂಡೆನ್ಸರ್ ಮೇಲೆ ನಿಧಾನವಾಗಿ ಸುರಿದೆ. ಕೆಂಪು ಮುಳ್ಳು ಕಣ್ಣೆದುರೇ 260ಕ್ಕೆ ಇಳಿಯಿತು, ಒಳಗೆ ತಂಪುಗಾಳಿ ಬಂತು. ಆದರೆ ನನ್ನ ಗಮನ ಸೆಳೆದದ್ದು ಕೆಳಗೆ ಹರಿದ ನೀರು. ಅದು ಇಟ್ಟಿಗೆ ಕಲಸಿದಂತೆ ಕೆಂಪಗಿತ್ತು. ಅದಿರು ಲಾರಿಗಳ ಹಿಂದೆ ವರ್ಷಗಟ್ಟಲೆ ಓಡಿದ ಕಾರಿದು. ಗ್ರಿಲ್ ಬಿಚ್ಚಿ ನೋಡಿದರೆ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಧೂಳು ಹಪ್ಪಳದಂತೆ ಗಟ್ಟಿಯಾಗಿತ್ತು. ಪ್ರೆಷರ್ ವಾಷರ್ ಹಿಡಿದರೆ ಕಂಡೆನ್ಸರಿನ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆಂದು, ತೋಟದ ಪೈಪಿನಿಂದಲೇ ಒಳಗಿನಿಂದ ಹೊರಕ್ಕೆ ಒಂದು ಗಂಟೆ ತೊಳೆದೆ.

ತೊಳೆದ ಮೇಲೂ 52 ಮತ್ತು 290 ಇದ್ದವು. ಅಂದರೆ ಧೂಳೊಂದೇ ಕಾರಣವಲ್ಲ.

ಗ್ಯಾಸನ್ನು ಹೊರಗೆ ಬಿಟ್ಟುಬಿಡುವುದು ಸುಲಭ, ಅನೇಕರು ಹಾಗೆಯೇ ಮಾಡುತ್ತಾರೆ. ಆದರೆ ಇದು ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿ ಮಾಡುವ ಅನಿಲ. ಜೊತೆಗೆ ಹೊರಬಿಟ್ಟದ್ದನ್ನು ತೂಗಲಾಗದು, ನನಗೆ ಬೇಕಿದ್ದದ್ದು ಆ ತೂಕವೇ. ಗೆಳೆಯನಿಂದ ಗ್ಯಾಸ್ ಹೀರಿ ತೆಗೆಯುವ ರಿಕವರಿ ಯಂತ್ರ ತಂದು ಖಾಲಿ ಸಿಲಿಂಡರಿಗೆ ಎಳೆದು ತೂಗಿದೆ: 535 ಗ್ರಾಂ. ಬಾನೆಟ್ಟಿನ ಒಳಬದಿಯ ಸ್ಟಿಕರ್ ಕೇಳುತ್ತಿದ್ದದ್ದು 380 ಗ್ರಾಂ.

ಮುಂದಿನದು ನಿತ್ಯದ ಕೆಲಸ. 45 ನಿಮಿಷ ವ್ಯಾಕ್ಯೂಮ್ ಎಳೆದೆ. ಒಳಗಿನ ಗಾಳಿ, ತೇವ ಎರಡೂ ಹೋಗಲು ಅಷ್ಟು ಬೇಕು. ಊರು ಎತ್ತರದಲ್ಲಿದ್ದಷ್ಟೂ ಹೊರಗಿನ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಇಲ್ಲಿ ಮುಳ್ಳು 28 ಇಂಚಿನ (ಪಾದರಸದ ಅಳತೆ) ಹತ್ತಿರ ನಿಲ್ಲುತ್ತದೆ, ಇನ್ನೂ ಎತ್ತರದ ಬೆಂಗಳೂರಿನಲ್ಲಿ 27ರ ಸುತ್ತ. ಪುಸ್ತಕದಲ್ಲಿ ಬರೆದ 29 ಬರಲಿಲ್ಲವೆಂದು ಹೊಸ ಹುಡುಗರು ಪಂಪನ್ನು ಬೈಯುವುದನ್ನು ಕಂಡಿದ್ದೇನೆ. ವಾಲ್ವ್ ಮುಚ್ಚಿ ಅರ್ಧ ಗಂಟೆ ಕಾದರೂ ಮುಳ್ಳು ಕದಲಲಿಲ್ಲ. ಗ್ಯಾಸಿನೊಂದಿಗೆ ಬಂದಿದ್ದ 15 ಮಿಲಿಲೀಟರ್ ಎಣ್ಣೆಯಷ್ಟೇ ಕಂಪ್ರೆಸರಿಗೆ ಬೇಕಾದ ಹೊಸ ಪಿಎಜಿ ಎಣ್ಣೆ ಸೇರಿಸಿ, ತಕ್ಕಡಿ ನೋಡುತ್ತ 380 ಗ್ರಾಂ ಹೊಸ ಗ್ಯಾಸ್ ತುಂಬಿದೆ. ಮರುದಿನ ಅದೇ ಮಧ್ಯಾಹ್ನದ ಸೆಖೆಯಲ್ಲಿ ಗೇಜ್ 41 ಮತ್ತು 235 ತೋರಿಸಿತು. ಡ್ಯಾಶ್‌ಬೋರ್ಡಿನ ಕಿಂಡಿಯಲ್ಲಿಟ್ಟ ಥರ್ಮಾಮೀಟರ್, ಕಾರು ನಿಂತಲ್ಲೇ ಇದ್ದಾಗ, 11 ಡಿಗ್ರಿಗೆ ಇಳಿಯಿತು.

ವ್ಯಾಕ್ಯೂಮ್ ಕದಲಲಿಲ್ಲವೆಂದರೆ ದೊಡ್ಡ ಸೋರಿಕೆಯಿಲ್ಲ. ಹೋದ ವರ್ಷವೂ ಬಹುಶಃ ಗ್ಯಾಸ್ ಕಡಿಮೆಯಾಗಿರಲೇ ಇಲ್ಲ, ಕಂಡೆನ್ಸರಿನಲ್ಲಿ ಆ ಕೆಂಪು ಧೂಳೇ ತುಂಬಿತ್ತು. ಸ್ಟಿಕರಿನ ಪಕ್ಕದಲ್ಲೇ ತುಂಬಿದ ದಿನಾಂಕವನ್ನೂ 380 ಎಂಬ ಅಂಕಿಯನ್ನೂ ಮಾರ್ಕರಿನಿಂದ ದಪ್ಪಗೆ ಬರೆದಿಟ್ಟಿದ್ದೇನೆ.